ಒಂದು ಚೌಕಟ್ಟಿಗೆ ಒಗ್ಗದ ಬಲಿಪೀಠಚಿತ್ರ: ಇಸೆನ್‌ಹೈಮ್ ಕೃತಿಯ ಏಕತೆಯನ್ನು ಕುರಿತು

ಹಲವು ಫಲಕಗಳುಳ್ಳ ಧಾರ್ಮಿಕ ಚಿತ್ರವನ್ನು 'ಒಂದು ಕೃತಿ' ಎಂದು ಕರೆಯುವಾಗ ಆ ಏಕತೆಗೆ ಆಧಾರ ಯಾವುದು? ಸುತ್ತಲಿನ ಮರದ ಚೌಕಟ್ಟೇ, ಕಲಾವಿದನ ಕೈಯೇ, ಇಲ್ಲವೇ ಅದರ ಮುಂದೆ ನಡೆಯುತ್ತಿದ್ದ ದೈವಾರಾಧನೆಯೇ? ಮಥಿಯಾಸ್ ಗ್ರೂನೆವಾಲ್ಡ್ ಆಲ್ಸಾಸ್ ಪ್ರಾಂತ್ಯದ ಇಸೆನ್‌ಹೈಮ್ ಮಠಕ್ಕಾಗಿ 1512ರಿಂದ 1516ರ ಅವಧಿಯಲ್ಲಿ ರಚಿಸಿದ ಬಲಿಪೀಠಚಿತ್ರದಷ್ಟು ತೀಕ್ಷ್ಣವಾಗಿ ಈ ಪ್ರಶ್ನೆಯನ್ನು ಮುಂದಿಡುವ ಕೃತಿ ಬೇರೊಂದಿಲ್ಲವೆಂಬುದು ನಮ್ಮ ಅಭಿಪ್ರಾಯ. ದೈವಶಾಸ್ತ್ರದ ಪುಸ್ತಕಗಳ ಹೊದಿಕೆಗಳಲ್ಲಿ, ಶುಭ ಶುಕ್ರವಾರದ ಕೈಪಿಡಿಗಳಲ್ಲಿ ಅದರ ಒಂದು ಭಾಗ ಮಾತ್ರ, ಅಂದರೆ ಶಿಲುಬೆಗೇರಿದ ಪ್ರಭುವಿನ ಚಿತ್ರ ಮಾತ್ರ, ಅಚ್ಚಾಗುತ್ತ ಬಂದಿದೆ. ಉಳಿದುದನ್ನು ಬಿಟ್ಟುದರಿಂದ ಬೋಧನೆಯಲ್ಲಿ ಏನು ಕಳೆದುಹೋಯಿತೆಂಬುದೇ ಈ ಲೇಖನದ ವಿಚಾರ.

ಇಸೆನ್‌ಹೈಮಿನ ಮಠವು ಅಂತೋನಿಯರ ಸಭೆಗೆ ಸೇರಿತ್ತು. ಈ ಅಂತೋನಿಯವರು ಡೋರ್ನಹಳ್ಳಿಯಲ್ಲಿ ನಮ್ಮ ಜನ ಹರಕೆ ಹೊರುವ ಪಾದುವಾದ ಸಂತರಲ್ಲ. ಈಜಿಪ್ಟಿನ ಮರಳುಗಾಡಿನ ತಪಸ್ವಿ. ಅವರ ಹೆಸರಿನಲ್ಲಿ 'ಸಂತ ಅಂತೋನಿಯ ಬೆಂಕಿ' ಎನ್ನಲಾಗುತ್ತಿದ್ದ ರೋಗಕ್ಕೆ ಈ ಸಭೆಯ ಸನ್ಯಾಸಿಗಳು ಶುಶ್ರೂಷೆ ಮಾಡುತ್ತಿದ್ದರು. ರೈ ಧಾನ್ಯಕ್ಕೆ ತಗಲುವ ಶಿಲೀಂಧ್ರದ ವಿಷದಿಂದ ಬರುತ್ತಿದ್ದ ಈ ರೋಗದಲ್ಲಿ ಕೈಕಾಲುಗಳು ಉರಿದು, ಕಪ್ಪಾಗಿ, ಕೊಳೆಯುತ್ತಿದ್ದವು. ಎಷ್ಟೋ ಸಲ ಅವುಗಳನ್ನು ಕತ್ತರಿಸಿಹಾಕಬೇಕಾಗುತ್ತಿತ್ತು. ಮಠದ ಮುಖ್ಯಸ್ಥ ಗೀದೋ ಗೆರ್ಸಿಯವರು ಚಿತ್ರ ಬರೆಸಿದ್ದು ಇಂಥ ರೋಗಿಗಳಿದ್ದ ಮನೆಗಾಗಿ.

ಕೃತಿಯ ರಚನೆ ಎರಡು ಜೊತೆ ಬಾಗಿಲುಗಳುಳ್ಳ ಬೀರುವಿನಂಥದು. ಬಾಗಿಲುಗಳು ಮುಚ್ಚಿದ್ದಾಗ ಶಿಲುಬೆಯ ಮರಣ. ಅದರ ಎರಡು ಬದಿಗೆ ಸಂತ ಸೆಬಾಸ್ಟಿಯನ್ ಮತ್ತು ಸಂತ ಅಂತೋನಿ, ಕೆಳಗೆ ಪ್ರಭುವಿನ ಮೃತದೇಹಕ್ಕಾಗಿ ಶೋಕಿಸುವವರು. ಮೊದಲ ಜೊತೆ ತೆರೆದಾಗ ಮಂಗಳವಾರ್ತೆ, ದೇವದೂತರ ಗಾನದೊಡನೆ ತಾಯಿ ಮತ್ತು ಶಿಶು, ಪುನರುತ್ಥಾನ. ಎರಡನೆಯದೂ ತೆರೆದಾಗ ಹಾಗೆನೌನ ನಿಕ್ಲಾಸ್ ಅದಕ್ಕೂ ಮೊದಲೇ ಕೆತ್ತಿದ್ದ ಸಂತ ಅಂತೋನಿಯವರ ವಿಗ್ರಹ, ಅದರ ಎರಡು ಬದಿಗೆ ಆ ಸಂತರ ಜೀವನದ ಎರಡು ಚಿತ್ರಗಳು. ಇಂಥ ಬಾಗಿಲುಗಳು ಸಾಮಾನ್ಯ ದಿನಗಳಲ್ಲಿ ಮುಚ್ಚಿದ್ದು ಹಬ್ಬಗಳಲ್ಲಿ ತೆರೆಯುತ್ತಿದ್ದವು. ಆದ್ದರಿಂದ ಈ ಕೃತಿಯನ್ನು ಪೂರ್ತಿಯಾಗಿ ಒಂದೇ ನೋಟದಲ್ಲಿ ಕಾಣುವುದು ಅಂದಿನವರಿಗೆ ಸಾಧ್ಯವಿರಲಿಲ್ಲ. ಚಿತ್ರಕಾರನ ಉದ್ದೇಶವೂ ಅದಾಗಿರಲಿಲ್ಲ.

ಹಾಗಿದ್ದರೂ ಇದು ಒಂದೇ ಕೃತಿ ಎಂಬುದಕ್ಕೆ ಬಲವಾದ ಸಾಕ್ಷಿ ಹಲಗೆಗಳಲ್ಲಿಯೇ ಇದೆ. ಶಿಲುಬೆಯ ಚಿತ್ರವು ಎರಡು ಹಲಗೆಗಳ ಮೇಲೆ ಹರಡಿದೆ. ಆದರೆ ಅವು ಕೂಡುವ ಗೆರೆ ಪ್ರಭುವಿನ ದೇಹವನ್ನು ಸೀಳುವುದಿಲ್ಲ. ದೇಹವನ್ನು ನಡುವಿನಿಂದ ತುಸು ಬಲಕ್ಕೆ ಸರಿಸಲಾಗಿದೆ. ಎಡದ ಹಲಗೆಯಲ್ಲಿ ಕುಸಿಯುತ್ತಿರುವ ಮರಿಯಮ್ಮನವರಿದ್ದಾರೆ. ಅದೇ ಹಲಗೆಯ ಹಿಂಬದಿಯಲ್ಲಿ ಮಂಗಳವಾರ್ತೆಯನ್ನು ಕೇಳುತ್ತಿರುವ ಮರಿಯಮ್ಮನವರಿದ್ದಾರೆ. ಬಲದ ಹಲಗೆಯಲ್ಲಿ ಮುಳ್ಳುಗಳು ನಾಟಿ ಹಸಿರುಗಟ್ಟಿದ ಮೃತದೇಹ. ಅದರ ಬೆನ್ನಿಗೆ ಬೆಳಕಿನ ಮಂಡಲದಲ್ಲಿ ಮೇಲೇಳುವ ಪುನರುತ್ಥಿತ ಕ್ರಿಸ್ತ. ಸತ್ತವರೂ ಎದ್ದವರೂ ಒಂದೇ ಮರದ ಎರಡು ಮುಖಗಳಲ್ಲಿದ್ದಾರೆ. ಎದ್ದ ದೇಹದ ಚರ್ಮ ನಿರ್ಮಲವಾಗಿದೆ, ಆದರೆ ಕೈಕಾಲುಗಳ ಗಾಯಗಳು ಉಳಿದಿವೆ. ಶಿಶುವನ್ನು ಸುತ್ತಿರುವ ಬಟ್ಟೆಯ ಹರಕು ಅಂಚೂ ಶಿಲುಬೆಯ ಮೇಲಿನ ಸೊಂಟವಸ್ತ್ರದ ಹರಕೂ ಒಂದೇ ಬಗೆಯವು. ಮರಣ ಮತ್ತು ಪುನರುತ್ಥಾನ ಒಂದೇ ಪಾಸ್ಖ ರಹಸ್ಯವೆಂದು ನಾವು ತರಗತಿಗಳಲ್ಲಿ ಎಷ್ಟು ಪುಟ ಬರೆಸಿದರೂ ಈ ಹಲಗೆಯಷ್ಟು ಸ್ಪಷ್ಟವಾಗಿ ಹೇಳಲಾರೆವು.

ಬಾಗಿಲು ತೆರೆಯುವಾಗ ಇನ್ನೊಂದು ಸಂಗತಿಯೂ ನಡೆಯುತ್ತದೆ. ಕೂಡುಗೆರೆಯ ಆಚೆಗಿರುವ ಪ್ರಭುವಿನ ಒಂದು ತೋಳು ದೇಹದಿಂದ ಬೇರೆಯಾಗುತ್ತದೆ. ತನ್ನ ತೋಳನ್ನು ಕಳೆದುಕೊಂಡ ರೋಗಿಯೊಬ್ಬ ಇದನ್ನು ನೋಡಿದ್ದರೆ ಏನನ್ನು ಕಂಡಿರಬಹುದೆಂದು ಕೆಲವು ವಿಮರ್ಶಕರು ಕೇಳಿದ್ದಾರೆ. ಚಿತ್ರಕಾರನು ಇದನ್ನು ಉದ್ದೇಶಿಸಿದ್ದನೆಂದು ನಾವು ವಾದಿಸುವುದಿಲ್ಲ. ಆದರೆ ತೋಳು ಅಗಲದೆ ಪುನರುತ್ಥಾನ ಕಾಣುವುದಿಲ್ಲವೆಂಬುದು ಆ ಮರಗೆಲಸದಲ್ಲೇ ಇರುವ ಸತ್ಯ.

ಇಪ್ಪತ್ತನೆಯ ಶತಮಾನದ ದೈವಶಾಸ್ತ್ರಕ್ಕೆ ಈ ಕೃತಿಯನ್ನು ಹತ್ತಿರ ತಂದವರಲ್ಲಿ ಕಾರ್ಲ್ ಬಾರ್ತ್ ಪ್ರಮುಖರು. ಶಿಲುಬೆಯ ಚಿತ್ರದ ಪ್ರತಿಯೊಂದು ಅವರ ಬರೆಯುವ ಮೇಜಿನ ಮೇಲ್ಗಡೆ ಗೋಡೆಯಲ್ಲಿತ್ತು. ಅಲ್ಲಿ ಸ್ನಾನಿಕ ಯೊವಾನ್ನರು ನೀಳವಾದ ಬೆರಳಿನಿಂದ ಕ್ರಿಸ್ತನನ್ನು ತೋರಿಸುತ್ತಾರೆ. ಆತನು ಹೆಚ್ಚಬೇಕು, ತಾನು ಕುಂದಬೇಕು ಎಂಬ ಯೊವಾನ್ನನ ಶುಭಸಂದೇಶದ ಮೂರನೆಯ ಅಧ್ಯಾಯದ ಮಾತು ಪಕ್ಕದಲ್ಲಿ ಲತೀನಿನಲ್ಲಿದೆ. ದೈವಶಾಸ್ತ್ರಜ್ಞನ ಕೆಲಸವೆಂದರೆ ಆ ಬೆರಳಿನಂತಿರುವುದು ಎಂಬ ಬಾರ್ತರ ಒಳನೋಟಕ್ಕೆ ನಮ್ಮ ಗೌರವವಿದೆ. ಆದರೆ ಗೋಡೆಗೆ ತೂಗಿದ ಪ್ರತಿಗೆ ಹಿಂಬದಿಯಿಲ್ಲ. ಬೆರಳು ತೋರಿಸುವಲ್ಲಿಗೇ ನೋಟ ನಿಂತುಬಿಡುತ್ತದೆ. ಯೊವಾನ್ನರ ಪಾದದ ಬಳಿ ಪಾನಪಾತ್ರೆಗೆ ರಕ್ತ ಸುರಿಸುತ್ತಿರುವ ಕುರಿಮರಿ ಎದುರಿನ ಬಲಿಪೀಠದ ಪಾತ್ರೆಗೆ ಸಂಬಂಧಿಸಿದ್ದೆಂಬುದೂ ಅಧ್ಯಯನ ಕೊಠಡಿಯಲ್ಲಿ ಮರೆಯಾಗುತ್ತದೆ.

ಇನ್ನು ವಸ್ತುಸಂಗ್ರಹಾಲಯ. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಕೃತಿಯನ್ನು ಕೊಲ್ಮಾರ್‌ಗೆ ಸಾಗಿಸಲಾಯಿತು. ಮೇಲಿನ ಕೆತ್ತನೆಯ ಶಿಖರ ನಷ್ಟವಾಯಿತು. 1853ರಿಂದ ಅದು ಹಿಂದೆ ದೊಮಿನಿಕ ಕನ್ಯಾಮಠವಾಗಿದ್ದ ಉಂಟರ್ಲಿಂಡನ್ ಸಂಗ್ರಹಾಲಯದಲ್ಲಿದೆ. ಅಲ್ಲಿ ಫಲಕಗಳನ್ನು ಬಿಡಿಸಿ ಒಂದರ ಹಿಂದೆ ಒಂದರಂತೆ ನಿಲ್ಲಿಸಲಾಗಿದೆ. ನೋಡುವವರು ಸುತ್ತಿ ಬರಬಹುದು. ಎಲ್ಲವನ್ನೂ ಒಂದೇ ಪುಟದಲ್ಲಿ ಸಾಲಾಗಿ ಜೋಡಿಸಿ ಒಂದೇ ಚೌಕಟ್ಟು ಹಾಕುವ ಪುಸ್ತಕಗಳಿಗಿಂತ ಈ ವ್ಯವಸ್ಥೆ ಎಷ್ಟೋ ಪ್ರಾಮಾಣಿಕ, ಏಕೆಂದರೆ ಹಿಂಬದಿ ಹಿಂಬದಿಯಾಗಿಯೇ ಉಳಿದಿದೆ. ಇಲ್ಲದಿರುವುದು ಕಾಯುವಿಕೆ. ತಪಸ್ಸುಕಾಲದ ಕೊನೆಯಲ್ಲಿ ಶಿಲುಬೆಗೆ ನೇರಳೆ ಬಟ್ಟೆ ಹೊದಿಸುವ ದೇವಾಲಯದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆದರೂ ದುಃಖದಿಂದ ಸಂತೋಷಕ್ಕೆ ಸಾಗುವ ಸರಳ ಮೆರವಣಿಗೆಯೆಂದು ಈ ಕೃತಿಯನ್ನು ಓದಿದರೆ ಅದೂ ತಪ್ಪು ಚೌಕಟ್ಟೇ. ಪುನರುತ್ಥಾನದ ಹಲಗೆಯನ್ನು ದಾಟಿ ಒಳಗೆ ಹೋದವರಿಗೆ ಸಿಗುವುದೇನು? ಒಂದು ಬದಿಯಲ್ಲಿ ಸಂತ ಅಂತೋನಿ ಮತ್ತು ಸಂತ ಪೌಲ ಎಂಬ ಇಬ್ಬರು ವೃದ್ಧ ತಪಸ್ವಿಗಳ ಶಾಂತ ಭೇಟಿ. ಇನ್ನೊಂದು ಬದಿಯಲ್ಲಿ ಪಿಶಾಚಿಗಳು ಕೂದಲು ಹಿಡಿದೆಳೆದು ಬಡಿಯುತ್ತಿರುವ ಅದೇ ಅಂತೋನಿ. ಆ ಚಿತ್ರದ ಕೆಳಗೆ ಎಡ ಮೂಲೆಯಲ್ಲಿ ಹೊಟ್ಟೆ ಊದಿದ, ಮೈತುಂಬ ಹುಣ್ಣುಗಳಿರುವ ಆಕೃತಿಯೊಂದು ಬಿದ್ದಿದೆ. ಬಲ ಮೂಲೆಯ ಚೀಟಿಯೊಂದರಲ್ಲಿ, ಒಳ್ಳೆಯ ಯೇಸುವೇ ನೀನೆಲ್ಲಿದ್ದೆ, ನನ್ನ ಗಾಯಗಳನ್ನು ವಾಸಿಮಾಡಲು ಏಕೆ ಬರಲಿಲ್ಲ ಎಂಬರ್ಥದ ಲತೀನ್ ಮಾತಿದೆ. ಸಂತರ ಚರಿತ್ರೆಯಲ್ಲಿ ಈ ಪ್ರಶ್ನೆಗೆ ಪ್ರಭು ಉತ್ತರಿಸುತ್ತಾರೆ. ಚೀಟಿಯಲ್ಲಿ ಉತ್ತರವಿಲ್ಲ, ಮೇಲೆ ದೂರದ ಬೆಳಕಿನಲ್ಲಿ ಪಿತದೇವರ ಆಕೃತಿ ಮಾತ್ರ ಇದೆ.

ಪಾಸ್ಖದ ಬೆಳಕನ್ನು ಕಂಡ ಮೇಲೂ ರೋಗಿಯ ದೂರಿಗೆ ಕೃತಿಯ ಅತ್ಯಂತ ಒಳಗಿನ ಕೋಣೆಯಲ್ಲಿ ಸ್ಥಳವಿಟ್ಟಿರುವುದು ಪಾಲನಾ ದೃಷ್ಟಿಯಿಂದ ಬಹು ದೊಡ್ಡ ಧೈರ್ಯ. ರೋಗಿಯ ಹಾಸಿಗೆಯ ಬಳಿ 'ಪ್ರಭುವೂ ನಿಮ್ಮಂತೆಯೇ ನರಳಿದರು' ಎಂದು ಹೇಳಿ ಹೊರಡುವ ಯಾಜಕರು ಮುಚ್ಚಿದ ಬಾಗಿಲ ಮುಂದೆಯೇ ನಿಂತವರು. 'ಎಲ್ಲವೂ ಒಳ್ಳೆಯದಾಗುತ್ತದೆ' ಎಂದು ಅವಸರಪಡುವವರು ಮೊದಲ ಬಾಗಿಲಲ್ಲಿ ನಿಂತವರು. ಚೀಟಿಯವರೆಗೆ ಹೋಗುವವರು ವಿರಳ.

ಈಚೆಗೆ ನಮ್ಮಲ್ಲಿ ಶಿಲುಬೆಯ ಹಾದಿಯ 14 ಸ್ಥಾನಗಳನ್ನೂ ಒಂದೇ ಫ್ಲೆಕ್ಸ್ ಹಾಳೆಯಲ್ಲಿ ಮುದ್ರಿಸಿ ಒಂದೇ ಗೋಡೆಗೆ ಕಟ್ಟುವ ರೂಢಿ ಕಾಣುತ್ತಿದೆ. ಖರ್ಚು ಕಡಿಮೆ, ನಿಜ. ಆದರೆ ನಡೆಯುವವರಿಗೆ ಹಾದಿಯೇ ಉಳಿಯುವುದಿಲ್ಲ. ಇಸೆನ್‌ಹೈಮ್ ಚಿತ್ರವನ್ನು ಗುರುಮಠದಲ್ಲಿ ಕಲಿಸುವಾಗ ಪರದೆಯ ಮೇಲೆ ತೋರಿಸುವುದನ್ನು ನಾವು ಬಿಟ್ಟಿದ್ದೇವೆ. ಎರಡು ಬದಿಗೂ ಮುದ್ರಿಸಿದ ದಪ್ಪ ಕಾಗದವನ್ನೂ ಒಂದು ಕತ್ತರಿಯನ್ನೂ ವಿದ್ಯಾರ್ಥಿಗಳಿಗೆ ಕೊಡುತ್ತೇವೆ. ಬಾಗಿಲು ಮಾಡಬೇಕಾದರೆ ಪ್ರಭುವಿನ ತೋಳಿನ ಮೇಲೆಯೇ ಕತ್ತರಿ ಆಡಿಸಬೇಕು; ಅಲ್ಲಿ ಬಹುತೇಕರು ಕೈ ತಡೆದು, ಬೇರೆ ಕಡೆ ಕತ್ತರಿಸಬಹುದೇ ಎಂದು ಕೇಳುತ್ತಾರೆ.