ಬತ್ತಿ ಹೀರಿದಷ್ಟೇ ನೀರು

ಬಾಗಿಲು ತಟ್ಟಿದ ಕೆಳಮನೆಯವರ ಕೈಯಲ್ಲಿ ಒಂದು ಬಿಳಿ ಅಂಗಿಯಿತ್ತು. ಅಂಗಿಯ ಬೆನ್ನಿಗೆ ಕೆಮ್ಮಣ್ಣಿನ ಮೂರು ಗೆರೆ. ಅವರು ಏನೂ ಹೇಳಬೇಕಾಗಿರಲಿಲ್ಲ. ಪುದೀನದ ಕುಂಡಕ್ಕೆ ನಾನು ಧಾರಾಳವಾಗಿ ಹೊಯ್ದ ನೀರು ಕೆಳಗಿಟ್ಟ ತಟ್ಟೆ ತುಂಬಿ, ಬಾಲ್ಕನಿಯ ಗ್ರಿಲ್ ಹಿಡಿದು ಇಳಿದು, ಅವರ ಒಣಬಟ್ಟೆಯ ಮೇಲೆ ಸಹಿ ಹಾಕಿತ್ತು. ಅಂಗಿಯನ್ನು ಒಗೆಸಿ, ಇಸ್ತ್ರಿ ಮಾಡಿಸಿ, ಜೊತೆಗೊಂದು ಕಟ್ಟು ಪುದೀನ ಇಟ್ಟು ಕೊಟ್ಟೆ. ಅಂಗಿ ತೆಗೆದುಕೊಂಡರು. ಪುದೀನದ ಬಗ್ಗೆ ಇವತ್ತಿನವರೆಗೂ ಏನೂ ಹೇಳಿಲ್ಲ.

ಕಾಡುಗೋಡಿಯ ಏಳನೇ ಮಹಡಿಯಲ್ಲಿ ಬೇಸಾಯ ಮಾಡುವವನಿಗೆ ಎರಡು ನೆರೆಗಳ ಭಯ. ಒಂದು ನೀರಿನದು, ಇನ್ನೊಂದು ಕೆಳಮನೆಯದು. ಎರಡಕ್ಕೂ ನಾನು ಕಂಡುಕೊಂಡ ಮದ್ದು ಬತ್ತಿ ಕುಂಡ. ಅಂಗಡಿಯವರು ಅದನ್ನು ‘ಸೆಲ್ಫ್ ವಾಟರಿಂಗ್ ಪಾಟ್’ ಎನ್ನುತ್ತಾರೆ. ಆ ಹೆಸರು ಕೇಳಿದವರು ಕುಂಡವೇ ಎದ್ದು ಹೋಗಿ ನಲ್ಲಿ ತಿರುಗಿಸುತ್ತದೆ ಎಂದುಕೊಂಡು ದುಡ್ಡು ಕೊಡುತ್ತಾರೆ. ನಡೆಯುವುದು ಹಣತೆಯ ಕೆಲಸ. ಎಣ್ಣೆ ಕೆಳಗೆ, ಬತ್ತಿ ನಡುವೆ, ಉರಿ ಮೇಲೆ. ಉರಿ ಎಷ್ಟು ಕೇಳಿತೋ ಬತ್ತಿ ಅಷ್ಟನ್ನೇ ಏರಿಸುತ್ತದೆ. ಉರಿಯ ಜಾಗದಲ್ಲಿ ಎಲೆಯನ್ನು ಇಟ್ಟುಕೊಳ್ಳಿ, ಅಷ್ಟೇ. ಬಿಸಿಲಿಗೆ ಎಲೆ ಬೆವರಿದಷ್ಟು ನೀರು ಕೆಳಗಿನ ತೊಟ್ಟಿಯಿಂದ ಮೇಲೇರುತ್ತದೆ. ತಟ್ಟೆಯ ಗೊಡವೆಯಿಲ್ಲ, ಗ್ರಿಲ್ಲಿಗೆ ಗೆರೆಯಿಲ್ಲ.

ಉಪಾಯ ಹಳೆಯದು. ಸಸಿಯ ಬುಡದ ಪಕ್ಕ ಬಾಯಿಯವರೆಗೆ ಹೂತ ಮಣ್ಣಿನ ಮಡಕೆಯಲ್ಲಿ ನೀರು ತುಂಬಿ ಬೇಸಿಗೆ ದಾಟಿಸುವುದನ್ನು ಬಯಲುಸೀಮೆಯ ತೋಟಗಳಲ್ಲಿ ಕಂಡವರಿದ್ದಾರೆ. ಅದೂ ಬೇರು ಕೇಳಿದಷ್ಟನ್ನೇ ಕೊಡುವ ಲೆಕ್ಕ. ಅದನ್ನು ಪ್ಲಾಸ್ಟಿಕ್ ಪೆಟ್ಟಿಗೆಗೆ ಇಳಿಸಿ ಊರೂರಿಗೆ ಮಾರಿದವರಲ್ಲಿ ಫ್ಲೋರಿಡಾದ ಟೊಮೆಟೊ ಬೆಳೆಗಾರ ಬ್ಲೇಕ್ ವಿಸೆನಂಟ್ ಮುಖ್ಯ. 1990ರ ದಶಕದ ಅವರ ‘ಅರ್ತ್‌ಬಾಕ್ಸ್’ ಈಗಿನ ಎಷ್ಟೋ ಕುಂಡಗಳಿಗೆ ಅಜ್ಜ.

ನಾನು ಅಂಗಡಿಯ ಕುಂಡ ಕೊಳ್ಳುವುದನ್ನು ಬಿಟ್ಟು ಬಹಳ ದಿನವಾಯಿತು. ನಮ್ಮ ಕಡೆ ತಿಂಗಳಿಗೊಂದು ಹೊಸ ಟವರ್ ಏಳುವುದರಿಂದ ಇಪ್ಪತ್ತು ಲೀಟರಿನ ಪೇಂಟ್ ಡಬ್ಬಕ್ಕೆ ಬರವಿಲ್ಲ. ನೀರಲ್ಲಿ ಕರಗುವ ಗೋಡೆ ಬಣ್ಣದ ಡಬ್ಬವಾದರೆ ಉಜ್ಜಿ ತೊಳೆದು ಬಳಸಬಹುದು. ತಿನ್ನುವ ಗಿಡಕ್ಕೆ ಎಣ್ಣೆಬಣ್ಣದ ಡಬ್ಬ ಬೇಡ. ಒಂದು ಕಿಲೋ ಮೊಸರಿನ ಡಬ್ಬಿಗೆ ಸುತ್ತಲೂ ತೂತು ಕೊರೆದು, ಡಬ್ಬದ ತಳದಲ್ಲಿ ನೆಟ್ಟಗೆ ಕೂರಿಸಿ, ಮಿಶ್ರಣ ತುಂಬಿ ಒತ್ತುತ್ತೇನೆ. ನೀರಿನಲ್ಲಿ ಇಳಿಬಿಟ್ಟ ಕಾಲು ಇದೇ, ಇದೇ ನಮ್ಮ ಬತ್ತಿ. ಅದರ ಸುತ್ತ ಒಂದೆರಡು ಖಾಲಿ ಡಬ್ಬಿ ಬೋರಲು ಹಾಕಿ, ತೂತು ಮಾಡಿದ ಮುಚ್ಚಳವನ್ನು ಅವುಗಳ ಮೇಲೆ ಅಟ್ಟದಂತೆ ಕೂರಿಸಿದರೆ ಕೆಳಗೆ ತೊಟ್ಟಿ, ಮೇಲೆ ಮಣ್ಣು. ಮೂಲೆಯಲ್ಲಿ ನೀರು ಹೊಯ್ಯಲು ಅರ್ಧ ಇಂಚಿನ ಪಿವಿಸಿ ಕೊಳವೆ. ತೊಟ್ಟಿಯ ನೆತ್ತಿಯ ಮಟ್ಟಕ್ಕೆ, ಡಬ್ಬದ ಹೊರಮೈಗೆ, ಹೆಚ್ಚಾದ ನೀರು ಹೊರಹೋಗಲು ಒಂದು ತೂತು. ಹತ್ತಿ ಹಗ್ಗದ ಬತ್ತಿ ಬಳಸುವವರೂ ಇದ್ದಾರೆ. ಹತ್ತಿ ಕೆಲವೇ ತಿಂಗಳಲ್ಲಿ ಕೊಳೆಯುತ್ತದೆ. ಹಗ್ಗವೇ ಬೇಕೆಂದರೆ ಅಕ್ರಿಲಿಕ್ ನೂಲು ಹೊಸೆದುಕೊಳ್ಳಿ.

ಡಬ್ಬದ ಪುರಾಣ ಇಷ್ಟೇ. ಜನ ಇದಕ್ಕೇ ತಲೆ ಕೆಡಿಸಿಕೊಂಡು ಎರಡು ಭಾನುವಾರ ಕಳೆಯುತ್ತಾರೆ, ಆಮೇಲೆ ಅದರೊಳಗೆ ಕೈಗೆ ಸಿಕ್ಕ ಮಣ್ಣು ತುಂಬುತ್ತಾರೆ. ನಾನೂ ತುಂಬಿದ್ದೆ. ಅರ್ಧ ಕೆಮ್ಮಣ್ಣು, ಅರ್ಧ ಎರೆಗೊಬ್ಬರ, ಮೇಲೆ ಪಾಲಕ್. ತೊಟ್ಟಿ ತುಂಬಿಸಿ ದೀಪಾವಳಿಗೆ ಊರಿಗೆ ಹೋಗಿ ಹತ್ತನೇ ದಿನಕ್ಕೆ ವಾಪಸು ಬಂದರೆ, ಬಾಗಿಲು ತೆಗೆಯುವಾಗಲೇ ನಾಟಿ ಗದ್ದೆಯ ಕೆಸರಿನ ವಾಸನೆ. ಪಾಲಕ್ ಮಗ್ಗುಲಾಗಿ ಮಲಗಿತ್ತು. ಎಳೆದರೆ ಬೇರಿನ ಸಿಪ್ಪೆ ಕೈಯಲ್ಲೇ ಉಳಿಯಿತು, ಒಳಗಿನ ದಾರ ಮಾತ್ರ ಬಂತು. ತೊಟ್ಟಿಯಲ್ಲಿ ಇನ್ನೂ ಅರ್ಧ ನೀರಿತ್ತು. ಬೇರಿಗೆ ಗಾಳಿ ಸಿಕ್ಕಿರಲಿಲ್ಲ.

ಇದು ಏಕೆಂದು ತಿಳಿಯಲು ಪಾತ್ರೆ ತೊಳೆಯುವ ಸ್ಪಂಜು ಸಾಕು. ನೀರಲ್ಲಿ ಅದ್ದಿ ಅಂಗೈ ಮೇಲೆ ಅಡ್ಡ ಹಿಡಿಯಿರಿ. ತೊಟ್ಟಿಕ್ಕಿ ತೊಟ್ಟಿಕ್ಕಿ ನಿಲ್ಲುತ್ತದೆ. ನಿಂತ ಮೇಲೆ ಅದನ್ನೇ ಉದ್ದಕ್ಕೆ ನೆಟ್ಟಗೆ ಹಿಡಿಯಿರಿ. ಮತ್ತೆ ಸುರಿಯುತ್ತದೆ! ಸ್ಪಂಜು ಅದೇ, ನೀರು ಅದೇ, ಎತ್ತರವಷ್ಟೇ ಬೇರೆ. ಯಾವ ಕುಂಡದಲ್ಲೂ ತಳದ ಒಂದು ಪಟ್ಟಿ ನೀರು ಬಿಟ್ಟುಕೊಡುವುದಿಲ್ಲ. ಮಣ್ಣು ನುಣುಪಾದಷ್ಟೂ ಆ ಪಟ್ಟಿ ದಪ್ಪ, ಕುಂಡ ಗಿಡ್ಡವಾದಷ್ಟೂ ಅದರ ಪಾಲು ಹೆಚ್ಚು. ತಳಕ್ಕೆ ಹೆಂಚಿನ ಚೂರು ಹಾಕಿದರೆ ನೀರು ಬಸಿಯುತ್ತದೆ ಎಂದು ನಮ್ಮಜ್ಜಿಯಿಂದ ನರ್ಸರಿಯ ಮಾಲಿಯವರೆಗೆ ಎಲ್ಲರೂ ಹೇಳಿಕೊಟ್ಟರು. ನುಣುಪು ಮಣ್ಣಿನಿಂದ ದಪ್ಪ ಚೂರಿಗೆ ನೀರು ಸುಲಭಕ್ಕೆ ದಾಟುವುದಿಲ್ಲ, ಗಡಿಯಲ್ಲೇ ತಡೆಯುತ್ತದೆ; ಒದ್ದೆ ಪಟ್ಟಿ ಮೇಲಕ್ಕೆ ಸರಿದು ಬೇರಿಗೆ ಇನ್ನೂ ಹತ್ತಿರವಾಗುತ್ತದೆ. ಬತ್ತಿ ಕುಂಡಕ್ಕಂತೂ ಚೂರು ಹಾಕುವುದು ಬತ್ತಿಯನ್ನು ನಡುವೆ ಕತ್ತರಿಸಿದ ಹಾಗೆ. ಅಜ್ಜಿಯ ಬೇರೆ ಎಲ್ಲ ಮಾತೂ ಸರಿಯಿತ್ತು.

ಹೊಲದಲ್ಲಿ ಕೆಮ್ಮಣ್ಣಿಗೆ ಎಣೆಯಿಲ್ಲ. ಅಲ್ಲಿ ಎರೆಹುಳು, ಗೆದ್ದಲು, ಸತ್ತ ಬೇರುಗಳೆಲ್ಲ ದಾರಿ ಕೊರೆದಿರುತ್ತವೆ, ನೀರು ಆಳಕ್ಕೆ ಇಳಿಯುತ್ತದೆ. ಡಬ್ಬದಲ್ಲಿ ಅದು ತಿಂಗಳೊಪ್ಪತ್ತಿಗೆ ಇಟ್ಟಿಗೆ. ಗೊಬ್ಬರದ ಮಾತೂ ಹಾಗೆಯೇ. ಎರೆಗೊಬ್ಬರವನ್ನು ಬೆಂಗಳೂರಿನ ಮನೆಮಾತು ಮಾಡಿದ್ದರಲ್ಲಿ ಕೃಷಿ ವಿಶ್ವವಿದ್ಯಾಲಯದ ರಾಧಾ ಕಾಳೆ ಅವರ ದುಡಿಮೆ ದೊಡ್ಡದು. ಕೀಟಶಾಸ್ತ್ರದ ಮೇಷ್ಟ್ರು ಡಾ. ಬಿ.ಎನ್. ವಿಶ್ವನಾಥ್ 1990ರ ದಶಕದಲ್ಲೇ ತಾರಸಿಯ ಸಾವಯವ ತೋಟದ ಪಾಠ ಶುರು ಮಾಡಿದರು, 2011ರಿಂದ ‘ಊಟ ಫ್ರಂ ಯುವರ್ ತೋಟ’ ಸಂತೆಗಳು ಆ ಪಾಠವನ್ನು ಬಡಾವಣೆಗಳಿಗೆ ಒಯ್ದವು. ಆದರೆ ಅದು ತಾರಸಿಯ ಪಾಠ. ಅಲ್ಲಿ ಬಿಸಿಲಿದೆ, ಗಾಳಿಯಿದೆ, ನೀರು ಮೇಲಿನಿಂದ ಬಿದ್ದು ಕೆಳಗೆ ಹೋಗುತ್ತದೆ. ನೆರಳಿನ ಬಾಲ್ಕನಿಯಲ್ಲಿ, ಸದಾ ಒದ್ದೆಯಾಗಿರುವ ಡಬ್ಬದಲ್ಲಿ, ಅದೇ ಪ್ರಮಾಣದ ಗೊಬ್ಬರ ಹಾಕಿದರೆ ಕೆಸರು, ಮತ್ತು ಮುಖದ ಸುತ್ತ ಹಾರುವ ಸಣ್ಣ ಕರಿನೊಣ. ಒಳಾಂಗಣದ ತೋಟದಲ್ಲಿ ಎರೆಗೊಬ್ಬರ ಊಟದ ಉಪ್ಪಿನಕಾಯಿ. ಅದನ್ನೇ ಅನ್ನ ಮಾಡಿಕೊಳ್ಳಬಾರದು.

ಹಾಗಾದರೆ ಅನ್ನ ಯಾವುದು? ತೆಂಗಿನ ನಾರಿನ ಪುಡಿ. ತಿಪಟೂರು, ಅರಸೀಕೆರೆ ಕಡೆಯ ನಾರಿನ ಕಾರ್ಖಾನೆಗಳ ಹಿಂದೆ ಗುಡ್ಡ ಬಿದ್ದಿರುವ, ಒಂದು ಕಾಲಕ್ಕೆ ಯಾರಿಗೂ ಬೇಡವಾಗಿದ್ದ ಪುಡಿ ಈಗ ಕೋಕೋಪೀಟ್ ಎಂಬ ಹೆಸರಲ್ಲಿ ಇಟ್ಟಿಗೆಯಾಗಿ ವೈಟ್‌ಫೀಲ್ಡಿಗೆ ಬರುತ್ತದೆ. ಐದು ಕಿಲೋದ ಒಂದು ಅಚ್ಚು ನೀರು ಕುಡಿದು ಎಪ್ಪತ್ತು ಲೀಟರಿನಷ್ಟು ಉಬ್ಬುತ್ತದೆ. ತನ್ನ ತೂಕದ ಹಲವು ಪಟ್ಟು ನೀರು ಹಿಡಿದುಕೊಂಡೂ ನಡುವೆ ಗಾಳಿಗೆ ಜಾಗ ಬಿಡುತ್ತದೆ. ದೋಷ ಎರಡು. ಉಪ್ಪು ಮತ್ತು ಹಸಿವು. ಹಸಿ ಪುಡಿಯಲ್ಲಿ ಸಾರಜನಕದ ನೂರು ಪಟ್ಟಿನಷ್ಟು ಇಂಗಾಲ. ಅದನ್ನು ಅರಗಿಸಲು ಸೂಕ್ಷ್ಮಜೀವಿಗಳು ಗಿಡದ ಪಾಲಿನ ಸಾರಜನಕವನ್ನೂ ಕಸಿದು ತಿನ್ನುತ್ತವೆ, ಸೊಪ್ಪು ಹಳದಿಯಾಗುತ್ತದೆ.

ಈ ಹಸಿವು ತಣಿಸುವ ವಿದ್ಯೆಗೆ ನಮ್ಮ ಪೀಣ್ಯದ ನಂಟಿದೆ. ಲೇತ್ ಮಷಿನ್ನು, ಪ್ಲೇಟಿಂಗ್ ಶೆಡ್ಡುಗಳ ನಡುವೆ ಅಲ್ಲಿ ಕಾಯರ್ ಬೋರ್ಡಿನ ಕೇಂದ್ರೀಯ ತೆಂಗುನಾರು ತಂತ್ರಜ್ಞಾನ ಸಂಸ್ಥೆಯೂ ಇದೆ. ಬೋರ್ಡಿನ ವಿಧಾನ ಹೀಗೆ: ಒಂದು ಟನ್ ಪುಡಿಗೆ ಐದು ಕಿಲೋ ಯೂರಿಯಾ, ಚಿಪ್ಪಣಬೆ ಜಾತಿಯ ಶಿಲೀಂಧ್ರದ ‘ಪಿತ್‌ಪ್ಲಸ್’, ಪದರ ಪದರವಾಗಿ ಹಾಕಿ ಒದ್ದೆಯಿಟ್ಟರೆ ತಿಂಗಳಿಗೆ ಕಪ್ಪು ಗೊಬ್ಬರ. ಯೂರಿಯಾ ಎಂದ ಕೂಡಲೇ ಸಾವಯವದ ಮಡಿವಂತರು ಮುಖ ತಿರುಗಿಸುತ್ತಾರೆ. ಅಂಥವರು ತುಮಕೂರು ರಸ್ತೆಯಲ್ಲಿ ಇನ್ನಷ್ಟು ಮುಂದೆ ಹೋಗಿ ಹೆಸರಘಟ್ಟದ ಕಡೆ ತಿರುಗಲಿ. ಅಲ್ಲಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಸೂಕ್ಷ್ಮಜೀವಿಗಳಿಂದ ಹುಳಿಸಿದ ‘ಅರ್ಕಾ ಫರ್ಮೆಂಟೆಡ್ ಕೋಕೋಪೀಟ್’ ರೂಪಿಸಿದೆ. ನನ್ನ ಸಸಿಗಳೆಲ್ಲ ಅದರಲ್ಲೇ ಮೊಳೆಯುವುದು.

ಉಪ್ಪಿನ ಪರೀಕ್ಷೆಗೆ ಐಟಿ ಸೀಮೆಯ ಪ್ರತಿ ಮನೆಯಲ್ಲೂ ಸಾಧನವಿದೆ. ಆರ್‌ಓ ಯಂತ್ರ ನಂಬದವರು ಡ್ರಾಯರಿನಲ್ಲಿ ಇಟ್ಟುಕೊಂಡಿರುವ ಟಿಡಿಎಸ್ ಪೆನ್ನು. ಅಚ್ಚನ್ನು ನೆನೆಸಿ, ಹಿಂಡಿ, ಹಿಂಡಿದ ನೀರಿಗೆ ಪೆನ್ನು ಅದ್ದಿ. ನೆನೆಹಾಕಿದ ನೀರಿನ ಅಂಕಿಗೂ ಹಿಂಡಿದ್ದಕ್ಕೂ ದೊಡ್ಡ ಅಂತರವಿದ್ದರೆ ಇನ್ನೊಮ್ಮೆ ತೊಳೆಯಿರಿ. ನನಗೆ ಸಾಮಾನ್ಯವಾಗಿ ಮೂರು ತೊಳೆತ ಬೇಕಾಗುತ್ತದೆ.

ಬೆರಕೆಯ ಲೆಕ್ಕವನ್ನು ನಾನು ಬಾಂಡ್ಲಿಯಲ್ಲಿ ಇಡುತ್ತೇನೆ. ತೊಳೆದ, ಕಳಿತ ನಾರಿನ ಪುಡಿ ಐದು ಬಾಂಡ್ಲಿ, ಅರೆಸುಟ್ಟ ಭತ್ತದ ಹೊಟ್ಟು ಎರಡು, ಜರಡಿ ಹಿಡಿದ ಎರೆಗೊಬ್ಬರ ಎರಡಕ್ಕೆ ಸ್ವಲ್ಪ ಕಡಿಮೆ, ಕೆಮ್ಮಣ್ಣು ಒಂದು, ಹಿಡಿ ಹಿಡಿ ಬೇವಿನ ಹಿಂಡಿ. ಹೊಟ್ಟು ಸಿಗದಿದ್ದರೆ ಪರ್ಲೈಟ್. ಹೊಟ್ಟು ಅಗ್ಗ, ಮತ್ತು ನನ್ನ ಕಣ್ಣಿಗೆ ಚೆಂದ. ಕೆಮ್ಮಣ್ಣು ಏಕೆ ಎಂದು ಕೇಳುವವರಿದ್ದಾರೆ. ಪೋಷಕಾಂಶ ಹಿಡಿದಿಡಲು ಚೂರು ಜೇಡಿ ಇರಲಿ ಎಂದು, ಮತ್ತು ಮಣ್ಣೇ ಇಲ್ಲದ ತೋಟ ನನಗೆ ಯಾಕೋ ಆಸ್ಪತ್ರೆಯ ವಾರ್ಡಿನಂತೆ ಕಾಣುವುದರಿಂದ. ಕಲೆಸಿ, ನೀರು ಚಿಮುಕಿಸಿ, ಮುಷ್ಟಿಯಲ್ಲಿ ಒತ್ತಿ ನೋಡಿ. ಹದ ಬಂದ ಉಪ್ಪಿಟ್ಟಿನಂತೆ ಒತ್ತಿದಾಗ ಕೂಡಿ ಬೆರಳು ತಾಗಿದರೆ ಉದುರಬೇಕು. ಮುದ್ದೆಯಾದರೆ ಇನ್ನೊಂದಿಷ್ಟು ಹೊಟ್ಟು ಸೇರಿಸಿ. ತೊಟ್ಟಿಯ ಮೇಲೆ ಈ ಮಿಶ್ರಣ ಒಂದು ಅಡಿ ಮೀರದಿರಲಿ. ಅದಕ್ಕಿಂತ ಮೇಲಕ್ಕೆ ನೀರು ಏರಲು ತಿಣುಕುತ್ತದೆ.

ಇನ್ನು ನೀರು. ನಮ್ಮ ವೈಟ್‌ಫೀಲ್ಡ್ ಹುಟ್ಟಿದ್ದೇ ಬೇಸಾಯಕ್ಕೆ. 1882ರಲ್ಲಿ ಚಾಮರಾಜ ಒಡೆಯರು ಆಂಗ್ಲೋ ಇಂಡಿಯನ್ನರ ಸಂಘಕ್ಕೆ 3,900 ಎಕರೆ ಕೊಟ್ಟಿದ್ದು ಕೃಷಿ ವಸಾಹತು ಕಟ್ಟಿಕೊಳ್ಳಲಿ ಎಂದು. ಡೇವಿಡ್ ವೈಟ್ ಅವರ ಹೆಸರು ಊರಿಗೆ ನಿಂತಿತು, ಹೊಲ ನಿಲ್ಲಲಿಲ್ಲ. ಎಲೆಕ್ಟ್ರಾನಿಕ್ ಸಿಟಿಯ 332 ಎಕರೆಯೂ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ನೆಲವೇ. ಈಗ ಆ ನೆಲದ ಮೇಲೆ ಟ್ಯಾಂಕರ್ ನೀರಿಗೆ ಕಾಯುತ್ತೇವೆ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಹಾಕಿದರೆ 5,000 ರೂಪಾಯಿ ದಂಡ ಎಂದಾಗ ನನ್ನ ಎಂಟು ಡಬ್ಬಗಳು ಎ.ಸಿ.ಯಿಂದ ತೊಟ್ಟಿಕ್ಕುವ ನೀರಿನಲ್ಲೇ ಬದುಕಿದವು. ಅದರಲ್ಲಿ ಉಪ್ಪಿನಂಶ ತೀರಾ ಕಡಿಮೆ, ಬತ್ತಿ ಕುಂಡಕ್ಕೆ ಹೇಳಿ ಮಾಡಿಸಿದ್ದು. ಆರ್‌ಓ ಹೊರಚೆಲ್ಲುವ ನೀರು ಬೇಡವೇ ಬೇಡ. ಬತ್ತಿ ಕುಂಡದಲ್ಲಿ ನೀರಿಗೆ ಮೇಲ್ಮುಖದ ದಾರಿ ಮಾತ್ರ. ನೀರು ಆವಿಯಾಗಿ ಉಪ್ಪು ನೆತ್ತಿಯಲ್ಲಿ ಬಿಳಿ ಪೊರೆಯಾಗಿ ಉಳಿಯುತ್ತದೆ. ಬೋರ್‌ವೆಲ್ ನೀರು ಹಾಕುವವರು ಒಂದೂವರೆ ತಿಂಗಳಿಗೊಮ್ಮೆ ಮೇಲಿನಿಂದ ಹೊಯ್ದು ತೊಳೆಯಬೇಕು. ಪೀಣ್ಯದವರು ಬೋರ್‌ವೆಲ್ ನೀರನ್ನು ತಿನ್ನುವ ಸೊಪ್ಪಿಗೆ ಹಾಕದಿರುವುದೇ ಲೇಸು. ಅಲ್ಲಿನ ಅಂತರ್ಜಲದಲ್ಲಿ ಕ್ರೋಮಿಯಂ ದಾಖಲಾಗಿದೆ. ಅಕ್ಕಚ್ಚು ಚೆಲ್ಲಲು ಮನಸ್ಸಾಗದಿದ್ದರೆ ಮೇಲಿನಿಂದ ಒಂದು ಲೋಟ ಹಾಕಿ, ತೊಟ್ಟಿಗೆ ಸುರಿಯಬೇಡಿ. ಮೂರೇ ದಿನಕ್ಕೆ ಹುಳಿತು ನಾರುತ್ತದೆ. ಕೊಳವೆಯ ಬಾಯಿಗೂ ಹೊರತೂತಿಗೂ ಸೊಳ್ಳೆ ಪರದೆಯ ಚೂರು ಕಟ್ಟುವುದು ಕಡ್ಡಾಯ. 2024ರಲ್ಲಿ ಸರಕಾರ ಡೆಂಗಿಯನ್ನು ಸಾಂಕ್ರಾಮಿಕವೆಂದು ಘೋಷಿಸಿ ಸೊಳ್ಳೆ ಸಾಕುವವರಿಗೂ ದಂಡ ಇಟ್ಟಿತು.

ಏನು ಬೆಳೆಯಬಹುದು? ಮೊದಲ ಬಹುಮಾನ ಒಂದೆಲಗಕ್ಕೆ. ಗದ್ದೆಯ ಬದುವಿನ ಗಿಡ, ಕಾಲು ಸದಾ ಒದ್ದೆಯಿರಬೇಕು ಎನ್ನುವ ಜಾತಿ; ಬತ್ತಿ ಕುಂಡ ಕಂಡರೆ ತವರು ಕಂಡಂತೆ ಹಬ್ಬುತ್ತದೆ. ವಾರಕ್ಕೊಂದು ತಂಬುಳಿಗೆ ಒಂದು ಡಬ್ಬ ಸಾಕು. ಆಮೇಲೆ ಪುದೀನ, ಹರಿವೆ, ಪಾಲಕ್. ದೊಡ್ಡಪತ್ರೆ, ಲೋಳೆಸರ ಇದರಲ್ಲಿ ಹಾಕಿದರೆ ಕೊಳೆಸಿದ ಪಾಪ ನಿಮ್ಮದು. ಇನ್ನು ಹಾಲ್‌ನ ಟೀವಿ ಪಕ್ಕ ಟೊಮೆಟೊ ಬೆಳೆಯುವ ಆಸೆಯಿದ್ದವರಿಗೆ: ತೆರೆದ ಬಿಸಿಲು ಒಂದು ಲಕ್ಷ ಲಕ್ಸ್, ನಮ್ಮ ಹಾಲ್ ನಡುಹಗಲಲ್ಲೂ ಕೆಲವು ನೂರು. ಸೊಪ್ಪಿಗಾದರೂ ಪೂರ್ವದ ಕಿಟಕಿ ಬೇಕು, ಇಲ್ಲವೇ ಎಲ್‌ಇಡಿ ದೀಪದ ಖರ್ಚಿಗೆ ಸಿದ್ಧರಿರಬೇಕು.

ಈ ವಾರ ಡಬ್ಬ ಮಾಡುವವರು ಸಸಿ ನೆಟ್ಟ ಮೊದಲ ಎರಡು ವಾರ ಮೇಲಿನಿಂದಲೇ ನೀರು ಕೊಡಿ, ಬೇರು ಕೆಳಗಿಳಿದ ಮೇಲೆ ತೊಟ್ಟಿ ತುಂಬಿಸಿ. ಮತ್ತು ಎಲ್ಲಕ್ಕಿಂತ ಮೊದಲು, ಮಣ್ಣು ಮುಟ್ಟುವ ಮೊದಲೇ, ಆ ಹೊರತೂತು ಕೊರೆಯಿರಿ. ನಾನು ಎರಡು ಸಲ ಮರೆತಿದ್ದೇನೆ; ಕೆಳಮನೆಯವರಿಗೆ ಒಂದು ಸಲದ್ದು ಮಾತ್ರ ಗೊತ್ತು.