ಮೂರ್ತಿ ಮಣ್ಣಿನದು, ಬಣ್ಣ ಯಾವುದು?

ಗೌರಿಹಬ್ಬದ ಹೊತ್ತಿಗೆ ವೈಟ್‌ಫೀಲ್ಡ್, ಪೀಣ್ಯ, ಎಲೆಕ್ಟ್ರಾನಿಕ್ ಸಿಟಿ ಕಡೆಯ ರಸ್ತೆಬದಿಗಳಲ್ಲಿ ‘ಪರಿಸರಸ್ನೇಹಿ ಗಣೇಶ’ ಎಂಬ ಬೋರ್ಡು ಈಗ ಮಾಮೂಲು. ಮೂರ್ತಿ ಜೇಡಿಮಣ್ಣಿನದೇ ಇರಬಹುದು. ಆದರೆ ಕಿರೀಟಕ್ಕೆ ಬಂಗಾರದ ಬಣ್ಣ, ಪಂಚೆಗೆ ಕಣ್ಣು ಕುಕ್ಕುವ ಹಳದಿ, ಮೇಲೊಂದು ಕೈ ವಾರ್ನಿಷ್. ನಮ್ಮ ವಿಸರ್ಜನೆಯ ನಿಯಮಗಳು ಸೋಲುವುದು ಈ ಬಣ್ಣದ ಮುಂದೆ.

ನಿಯಮ ಬರೆದವರಿಗೆ ವಿಷಯ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2010ರಲ್ಲೇ, ಬಣ್ಣ ಹಚ್ಚದಿದ್ದರೆ ಒಳ್ಳೆಯದು, ಹಚ್ಚುವುದಾದರೆ ನೀರಿನಲ್ಲಿ ಕರಗುವ, ವಿಷವಿಲ್ಲದ ನೈಸರ್ಗಿಕ ಬಣ್ಣವನ್ನೇ ಬಳಸಿ ಎಂದಿತ್ತು. 2016ರಲ್ಲಿ ನಮ್ಮ ರಾಜ್ಯ ಮಂಡಳಿ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಮೂರ್ತಿಗಳನ್ನು ಕೆರೆಗೆ ಬಿಡಬಾರದೆಂದಿತು. ಜಾರಿಗೆ ಬಂದಾಗ ಮಾತ್ರ ಎಲ್ಲರ ಕಣ್ಣೂ ಪಿಒಪಿ ಮೇಲೆಯೇ ಬಿತ್ತು. ಅದು ಸುಲಭದ ಕೆಲಸ: ತೂಕ ನೋಡಿ, ತಟ್ಟಿ ನೋಡಿ ಹೇಳಬಹುದು. ಬಣ್ಣದಲ್ಲಿ ಸೀಸವಿದೆಯೇ ಎಂಬುದನ್ನು ತಟ್ಟಿ ಹೇಳಲಾಗದು.

ಪಿಒಪಿ ಎಂದರೆ ಜಿಪ್ಸಂ. ನೀರನ್ನು ಗಡುಸಾಗಿಸುತ್ತದೆ, ಬೇಗ ಕರಗದೆ ತಳದಲ್ಲಿ ಕೂರುತ್ತದೆ, ಉಪದ್ರವವೇ. ಆದರೂ ಬಣ್ಣದ ಲೋಹಗಳ ಎದುರು ಅದು ಸಾಧು. ಹಳೆಯ ಮಾದರಿಯ ಗಾಢ ಹಳದಿಯಲ್ಲಿ ಲೆಡ್ ಕ್ರೋಮೇಟ್ ಇರುತ್ತದೆ, ಅಂದರೆ ಸೀಸವೂ ಕ್ರೋಮಿಯಮ್ಮೂ ಒಟ್ಟಿಗೆ. ಕೆಲವು ಅಗ್ಗದ ಬಂಗಾರದ ಬಣ್ಣಗಳು ತಾಮ್ರ, ಸತುವಿನ ಪುಡಿ. ದೋಣಿಯ ತಳಕ್ಕೆ ಪಾಚಿ, ಚಿಪ್ಪುಜೀವಿ ಅಂಟದಿರಲೆಂದು ಬಳಿಯುವ ಬಣ್ಣದಲ್ಲೂ ಕೊಲ್ಲುವ ಕೆಲಸ ಮಾಡುವುದು ಬಹುಪಾಲು ತಾಮ್ರವೇ. ಅಲ್ಲಿ ಕೊಲ್ಲಲೆಂದೇ ಹಾಕುತ್ತಾರೆ, ನಾವು ಚಂದಕ್ಕೆ ಹಾಕುತ್ತೇವೆ.

ಆ ದೋಣಿಬಣ್ಣದ ಚರಿತ್ರೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಫ್ರಾನ್ಸಿನ ಅರ್ಕಶೋಂ ಕೊಲ್ಲಿಯಲ್ಲಿ 1970ರ ದಶಕದ ಕೊನೆಗೆ ಸಿಂಪಿಗಳ ಸಂತಾನವೇ ನಿಂತಿತು, ಚಿಪ್ಪುಗಳು ವಿಕಾರವಾದವು. ಕಾರಣ ಟ್ರೈಬ್ಯುಟೈಲ್ ಟಿನ್ ಎಂಬ, ದೋಣಿಬಣ್ಣದ ಇನ್ನೊಂದು ವಿಷ. 1982ರಲ್ಲಿ ಫ್ರಾನ್ಸ್ ಸಣ್ಣ ದೋಣಿಗಳಿಗೆ ಆ ಬಣ್ಣವನ್ನು ನಿರ್ಬಂಧಿಸಿತು. 2008ರಲ್ಲಿ ಅಂತರರಾಷ್ಟ್ರೀಯ ಒಪ್ಪಂದವೇ ಜಾರಿಯಾಯಿತು. ದೋಣಿಯನ್ನು ಎಲ್ಲಿ ನಿಲ್ಲಿಸಬೇಕೆಂದು ಅವರು ಚರ್ಚಿಸುತ್ತ ಕೂರಲಿಲ್ಲ, ಬಣ್ಣದ ಡಬ್ಬಿಗೇ ಕೈಹಾಕಿದರು.

ನಾವು ಚರ್ಚಿಸುವುದು ಎಲ್ಲಿ ಮುಳುಗಿಸಬೇಕೆಂಬುದನ್ನೇ. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯ ಪಕ್ಕದ ಕಲ್ಯಾಣಿ ಒಳ್ಳೆಯ ಏರ್ಪಾಡು, ಮೆಚ್ಚಲೇಬೇಕು: ಜನರ ಭಕ್ತಿಗೂ ಭಂಗವಿಲ್ಲ, ಕೆರೆಗೂ ನೇರ ಪೆಟ್ಟಿಲ್ಲ. ಸಂಚಾರಿ ಟ್ಯಾಂಕರುಗಳೂ ಹಾಗೆಯೇ. ಆದರೆ ಕಲ್ಯಾಣಿ ಬಣ್ಣವನ್ನು ಒಂದೆಡೆ ಹಿಡಿದಿಡುತ್ತದೆ, ಅಷ್ಟೇ. ಹಬ್ಬ ಮುಗಿದ ಮೇಲೆ ಆ ಕೆಸರು ಎಲ್ಲಿಗೆ ಹೋಗಬೇಕು? ಕೆರೆಗೆ ಸೇರಿದರೆ ಅದು ಅಲ್ಲೇ ನಿಲ್ಲದು: ಕೈಕೊಂಡ್ರಹಳ್ಳಿಯ ಕೋಡಿ ನೀರು ಸೌಳ್ ಕೆರೆ ದಾಟಿ ಬೆಳ್ಳಂದೂರಿಗೆ, ಅಲ್ಲಿಂದ ವರ್ತೂರಿಗೆ, ಮುಂದೆ ದಕ್ಷಿಣ ಪಿನಾಕಿನಿಗೆ ಸೇರುತ್ತದೆ. ಬೆಳ್ಳಂದೂರಿನ ನೊರೆ, ಬೆಂಕಿಗೆ ಮುಖ್ಯ ಕಾರಣ ಒಳಚರಂಡಿಯ ಕೊಳಚೆ; ಅದರ ಪಾಪವನ್ನು ಗಣೇಶನ ತಲೆಗೆ ಕಟ್ಟುವುದು ಅನ್ಯಾಯ. ಆದರೂ ಕೊಳಚೆ ಕೊಳೆತು ಹೋದೀತು, ಸೀಸ ಕೊಳೆಯುವುದಿಲ್ಲ. ಅದು ಗೋಡಿನಲ್ಲಿ ಕೂರುತ್ತದೆ, ಕೆರೆಗೋಡನ್ನು ಹೊಲಕ್ಕೆ ಹೊಡೆಯುವ ಪದ್ಧತಿ ನಮ್ಮದು. ವಿಸರ್ಜನೆಯ ಮುಂಚೆ, ನಡುವೆ, ನಂತರ ನೀರನ್ನು ಪರೀಕ್ಷಿಸಬೇಕೆಂಬ ನಿಯಮ ಸರಿ, ಆದರೆ ಲೋಹದ ಲೆಕ್ಕ ನಿಜವಾಗಿ ಸಿಗುವುದು ಗೋಡಿನಲ್ಲಿ.

ಮನೆಬಳಕೆಯ, ಅಲಂಕಾರದ ಬಣ್ಣಗಳಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ಕಾನೂನು 2017ರ ನವೆಂಬರಿನಿಂದ ಇದೆ. ಕೈಗಾರಿಕಾ ಬಣ್ಣಕ್ಕೆ ಅದು ಅನ್ವಯಿಸದು. ಮೂರ್ತಿಗೆ ಯಾವ ಡಬ್ಬಿಯ ಬಣ್ಣ ಬಿತ್ತೆಂದು ಕೊಳ್ಳುವವನಿಗೆ ತಿಳಿಯುವ ದಾರಿಯಿಲ್ಲ. ಮೂರ್ತಿಯ ಜೊತೆ ಬಣ್ಣದ ವಿವರವನ್ನೂ ಬರೆದುಕೊಡಬೇಕೆಂದು ಮಂಡಳಿ ಕಡ್ಡಾಯ ಮಾಡಲಿ. ಅಲ್ಲಿಯವರೆಗೆ ಬಣ್ಣವಿಲ್ಲದ ಹಸಿಮಣ್ಣಿನ ಗಣೇಶನನ್ನೇ ಕೇಳಿ ತನ್ನಿ. ಅರಿಶಿನ, ಕುಂಕುಮ ಮನೆಯಲ್ಲೇ ಇದೆ.