ಅರ್ಥಹರಣವೂ ಸಂಪಾದಕಧರ್ಮವೂ

ಅಮೆರಿಕದ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯು 2003ನೆಯ ಇಸವಿ ಮೇ 11ನೆಯ ತಾರೀಖಿನ ಸಂಚಿಕೆಯ ಮುಖಪುಟದಿಂದಾರಂಭಿಸಿ, ಏಳು ಸಾವಿರಕ್ಕೂ ಮೀರಿದ ಶಬ್ದಗಳ ಒಂದು ದೀರ್ಘಲೇಖನವನ್ನು ಪ್ರಕಟಿಸಿತು. ಲೇಖನದ ವಿಷಯವು ಆ ಪತ್ರಿಕೆಯ ಸ್ವಕೀಯಾಪರಾಧವೇ. ಜೇಸನ್ ಬ್ಲೇರ್ ಎಂಬ ಇಪ್ಪತ್ತೇಳು ವರ್ಷದ ವರದಿಗಾರನು ಹಿಂದಿನ ಅಕ್ಟೋಬರ್ ತಿಂಗಳ ಕೊನೆಯಿಂದ ರಾಷ್ಟ್ರವಾರ್ತೆಗಳ ಶಾಖೆಗೆ ಬರೆದ 73 ವರದಿಗಳಲ್ಲಿ ಕನಿಷ್ಠಪಕ್ಷ 36 ವರದಿಗಳು ಪರವಾಕ್ಯಾಪಹರಣದಿಂದಲೋ ಕಪೋಲಕಲ್ಪನೆಯಿಂದಲೋ ದೂಷಿತವಾಗಿದ್ದುವೆಂದು ಅದರಲ್ಲಿ ಒಪ್ಪಿಕೊಳ್ಳಲಾಗಿತ್ತು. ಬ್ಲೇರನು ಮೇ 1ರಂದೇ ಕೆಲಸ ಬಿಟ್ಟಿದ್ದನು. ಪ್ರಧಾನಸಂಪಾದಕರಾದ ಹೊವೆಲ್ ರೇನ್ಸ್ ಅವರೂ ಅವರ ಸಹಾಯಕರಲ್ಲಿ ಮೊದಲಿಗರಾದ ಜೆರಾಲ್ಡ್ ಬಾಯ್ಡ್ ಅವರೂ ಜೂನ್ 5ರಂದು ಅಧಿಕಾರವನ್ನು ತ್ಯಜಿಸಿದರು. ಈ ವೃತ್ತಾಂತವನ್ನು ಕುರಿತು ಗ್ರಂಥಗಳೇ ಹುಟ್ಟಿವೆ. ಆದರೆ ಶಿಷ್ಯನ ಚೌರ್ಯವೆಷ್ಟು, ಪರೀಕ್ಷಕನ ಪ್ರಮಾದವೆಷ್ಟು ಎಂಬ ವಿವೇಚನೆಯು ಅವುಗಳಲ್ಲಿ ಬಹುಮಟ್ಟಿಗೆ ಕಲಸಿಹೋಗಿದೆ. ಭಾರತೀಯ ಸಾಹಿತ್ಯಶಾಸ್ತ್ರದಲ್ಲಿ ಹರಣವಿಚಾರವೂ ಭಾವಕವಿಚಾರವೂ ಬೇರೆಬೇರೆ ಪ್ರಕರಣಗಳಲ್ಲಿ ಚರ್ಚಿತವಾಗಿರುವುದರಿಂದ, ಆ ಬೆಳಕಿನಲ್ಲಿ ಇದನ್ನು ನೋಡುವುದು ನಿಷ್ಪ್ರಯೋಜಕವಾಗಲಾರದು.

ಆನಂದವರ್ಧನನು ಧ್ವನ್ಯಾಲೋಕದ ನಾಲ್ಕನೆಯ ಉದ್ದ್ಯೋತದಲ್ಲಿ ಕವಿಕವಿಗಳ ಸಂವಾದವನ್ನು ಪ್ರತಿಬಿಂಬದಂತಹುದು, ಚಿತ್ರದಂತಹುದು, ತುಲ್ಯದೇಹಿಯಂತಹುದು ಎಂದು ಮೂರು ಬಗೆಯಾಗಿ ವಿಂಗಡಿಸಿ, ಮೊದಲೆರಡು ತ್ಯಾಜ್ಯವೆಂದೂ ಮೂರನೆಯದು ಗ್ರಾಹ್ಯವೆಂದೂ ನಿರ್ಣಯಿಸಿದನು. ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಇದಕ್ಕೆ ಪರಪುರಪ್ರವೇಶಸದೃಶವೆಂಬ ಇನ್ನೊಂದನ್ನು ಸೇರಿಸಿ, ಶಬ್ದಹರಣ ಅರ್ಥಹರಣಗಳ ಅವಾಂತರಭೇದಗಳನ್ನು ಒಬ್ಬ ವ್ಯವಹಾರಜ್ಞನ ಸಾವಧಾನದಿಂದ ಎಣಿಸಿದನು. ಆತನ ದಾಕ್ಷಿಣ್ಯವು ಕೆಲವೆಡೆಗಳಲ್ಲಿ ಅತಿಯಾಯಿತೆಂದು ತೋರಿದರೂ, ಆ ದಾಕ್ಷಿಣ್ಯಕ್ಕೆ ಕಾರಣವುಂಟು. ವಸಂತವೂ ವಿರಹವೂ ಚಂದ್ರೋದಯವೂ ಯಾರೊಬ್ಬರ ಸೊತ್ತೂ ಅಲ್ಲ. ಅವುಗಳಲ್ಲಿ ನೂತನವಾದ ಜೀವವನ್ನು ತುಂಬಿದವನು ಹಳೆಯ ದೇಹವನ್ನು ಎಲ್ಲಿಂದ ತಂದರೂ ಸಹೃದಯನು ಕ್ಷಮಿಸುತ್ತಾನೆ.

ಬ್ಲೇರನ ಹರಣವು ಇವುಗಳಲ್ಲಿ ಯಾವ ಕೋಟಿಗೆ ಸೇರತಕ್ಕದ್ದು? 2003ನೆಯ ಏಪ್ರಿಲ್ 26ರ ಮುಖಪುಟದ ವರದಿಯನ್ನೇ ತೆಗೆದುಕೊಳ್ಳಬಹುದು. ಇರಾಕಿನ ಯುದ್ಧದಲ್ಲಿ ಕಾಣೆಯಾಗಿದ್ದ ಸೈನಿಕನೊಬ್ಬನ ತಾಯಿಯನ್ನು ಟೆಕ್ಸಾಸ್ ಪ್ರಾಂತದ ಲಾಸ್ ಫ್ರೆಸ್ನೋಸ್ ಎಂಬ ಊರಿನಲ್ಲಿ ಕಂಡು ಬರೆದುದೆಂಬಂತೆ ಅದಿತ್ತು. ಮಗನು ತಂದುಕೊಟ್ಟಿದ್ದ ಕಾಣಿಕೆಗಳನ್ನು ಆ ತಾಯಿಯು ಒಂದೊಂದಾಗಿ ತೋರಿಸುವ ಸನ್ನಿವೇಶವೇ ಅದರ ಪ್ರಾಣ. ಆ ಸನ್ನಿವೇಶವು ಎಂಟು ದಿನಗಳ ಹಿಂದೆ, ಏಪ್ರಿಲ್ 18ರಂದು, ‘ಸ್ಯಾನ್ ಆಂಟೋನಿಯೋ ಎಕ್ಸ್‌ಪ್ರೆಸ್-ನ್ಯೂಸ್’ ಪತ್ರಿಕೆಯಲ್ಲಿ ಮಕರೇನ ಹೆರ್ನಾಂಡೆಝ್ ಎಂಬ ವರದಿಗಾರ್ತಿಯು ಬರೆದುದು. ಆಕೆಯೂ ಬ್ಲೇರನೂ 1998ರಲ್ಲಿ ಟೈಮ್ಸ್ ಪತ್ರಿಕೆಯಲ್ಲಿಯೇ ಜತೆಯಾಗಿ ಶಿಕ್ಷಾರ್ಥಿಗಳಾಗಿದ್ದವರು. ವಸ್ತುಗಳ ಕ್ರಮವೂ ವಾಕ್ಯದ ನಡೆಯೂ ಎರಡರಲ್ಲಿಯೂ ಒಂದೇ. ಇದು ಶುದ್ಧ ಪ್ರತಿಬಿಂಬಕಲ್ಪ. ಸ್ವಂತವಾದ ಆತ್ಮವೆಂಬುದು ಅದರಲ್ಲಿ ಲೇಶವೂ ಇಲ್ಲ. ಇರಾಕಿನಲ್ಲಿ ಸೆರೆಸಿಕ್ಕಿ ಬಿಡುಗಡೆಯಾದ ಜೆಸ್ಸಿಕಾ ಲಿಂಚ್ ಎಂಬ ಯೋಧೆಯ ತೌರನ್ನು ಕುರಿತ ವರದಿಯ ಬಗೆಯೇ ಬೇರೆ. ವೆಸ್ಟ್ ವರ್ಜೀನಿಯಾದ ಆ ಮನೆಯ ಜಗಲಿಯಿಂದ ಹೊಗೆಸೊಪ್ಪಿನ ಹೊಲಗಳೂ ದನಗಳ ಹುಲ್ಲುಗಾವಲೂ ಕಾಣುವುವೆಂದು ಬ್ಲೇರನು ವರ್ಣಿಸಿದ್ದನು. ಅಲ್ಲಿ ಅಂತಹ ಹೊಲವೂ ಇಲ್ಲ, ಹುಲ್ಲುಗಾವಲೂ ಇಲ್ಲ. ರೂಪಕಗಳ ವಸ್ತುವನ್ನು ಪ್ರಖ್ಯಾತ, ಉತ್ಪಾದ್ಯ, ಮಿಶ್ರ ಎಂದು ದಶರೂಪಕಕಾರನು ವಿಭಾಗಿಸಿದ್ದಾನಷ್ಟೆ. ಉತ್ಪಾದ್ಯವು ಪ್ರಕರಣಕ್ಕೆ ಭೂಷಣ, ವೃತ್ತಪತ್ರಿಕೆಗೆ ವಿಷ. ಲಿಂಚ್ ಅವರ ಮನೆಯವರು ಇದನ್ನು ಓದಿ ನಕ್ಕು ಸುಮ್ಮನಾದರಂತೆ. ಪತ್ರಿಕೆಗೆ ದೂರು ಬರೆಯಲಿಲ್ಲ. ಆ ನಗೆಯು ಪತ್ರಿಕೆಯ ಮೇಲೆ ಬಂದ ಅತ್ಯಂತ ಕಠಿನವಾದ ಟೀಕೆಯೆನ್ನಬೇಕು. ವೃತ್ತಪತ್ರಿಕೆಯಲ್ಲಿ ಬಂದುದು ನಿಜವಾಗಿರಬೇಕೆಂಬ ನಿರೀಕ್ಷೆಯೇ ಇಲ್ಲದವರು ಮಾತ್ರ ಹಾಗೆ ನಗಬಲ್ಲರು.

ಕಾವ್ಯಹರಣಕ್ಕೂ ವಾರ್ತಾಹರಣಕ್ಕೂ ಇರುವ ಮೂಲಭೇದವು ಪ್ರಮಾಣವಿಚಾರದಲ್ಲಿದೆ. ಶಬ್ದವು ಪ್ರಮಾಣವಾಗುವುದು ಅದನ್ನು ನುಡಿದವನು ಆಪ್ತನಾದ್ದರಿಂದ ಎಂಬುದು ನೈಯಾಯಿಕರ ಸಿದ್ಧಾಂತ. ಆಪ್ತನೆಂದರೆ ವಸ್ತುವನ್ನು ಸಾಕ್ಷಾತ್ತಾಗಿ ಅರಿತು, ಅರಿತಂತೆಯೇ ಅನ್ಯರಿಗೆ ತಿಳಿಸಬೇಕೆಂಬ ಇಚ್ಛೆಯುಳ್ಳವನು. ಈ ಲಕ್ಷಣವು ಋಷಿಗಳಿಗೂ ಆರ್ಯರಿಗೂ ಮ್ಲೇಚ್ಛರಿಗೂ ಸಮಾನವೆಂದು ವಾತ್ಸ್ಯಾಯನಭಾಷ್ಯದಲ್ಲಿ ಉದಾರವಾಗಿ ಹೇಳಿದೆ. ಹೀಗಿರಲು ನ್ಯೂಯಾರ್ಕಿನ ವರದಿಗಾರನಿಗೂ ಅದನ್ನು ಅನ್ವಯಿಸುವುದರಲ್ಲಿ ಬಾಧಕವಿಲ್ಲ. ವರದಿಯ ತಲೆಯಲ್ಲಿ ಅಚ್ಚಾಗುವ ಊರಿನ ಹೆಸರು, ಬರೆದವನು ಅಲ್ಲಿದ್ದನೆಂಬ ಸಾಕ್ಷ್ಯವಚನ. ಬ್ಲೇರನು ನ್ಯೂಯಾರ್ಕನ್ನು ಬಿಟ್ಟು ಕದಲದೆಯೇ ದೂರದ ಊರುಗಳ ಹೆಸರನ್ನು ಪದೇಪದೇ ತಲೆಯಲ್ಲಿ ಹೊತ್ತ ವರದಿಗಳನ್ನು ಕಳುಹಿಸಿದನು. ಹೆರ್ನಾಂಡೆಝ್ ಆಕೆಯ ವಾಕ್ಯಗಳನ್ನು ಕದ್ದುದಕ್ಕಿಂತಲೂ ಆಕೆಯ ಕಣ್ಣುಗಳನ್ನು ಕದ್ದುದು ಹೆಚ್ಚಿನ ಅಪರಾಧ.

ಇದರ ವಿಪರ್ಯಾಸವೊಂದು ಅದೇ ಮೇ ತಿಂಗಳಲ್ಲಿ ಬೆಳಕಿಗೆ ಬಂದಿತು. ರಿಕ್ ಬ್ರ್ಯಾಗ್ ಎಂಬ ಪ್ರಸಿದ್ಧ ಲೇಖಕರು ಫ್ಲಾರಿಡಾದ ಅಪಲಾಚಿಕೋಲ ಎಂಬಲ್ಲಿಯ ಸಿಂಪಿ ಹಿಡಿಯುವವರನ್ನು ಕುರಿತು 2002ರಲ್ಲಿ ಬರೆದ ಲೇಖನದ ದರ್ಶನಭಾಗವು ಬಹುಮಟ್ಟಿಗೆ ವೇತನವಿಲ್ಲದ ತರುಣ ಸಹಾಯಕನದು. ವರ್ಣನಭಾಗ ಮಾತ್ರ ಅವರದು. ಊರಿಗೆ ಅವರು ಹೋಗಿದ್ದುದೇನೋ ನಿಜ, ಆದರೆ ಬಹು ಸ್ವಲ್ಪಕಾಲ. ಹೆಸರು ಅವರೊಬ್ಬರದೇ ಅಚ್ಚಾಯಿತು. ಅವರೂ ರಾಜೀನಾಮೆ ಕೊಡಬೇಕಾಯಿತು. ಬ್ಲೇರನದು ಪರರ ದರ್ಶನವನ್ನೂ ಪರರ ವರ್ಣನವನ್ನೂ ಒಟ್ಟಿಗೆ ಕದ್ದ ಚೌರ್ಯವಾದರೆ, ಇದು ಸಂಪಾದಕಮಂಡಲಿಯು ತಿಳಿದೋ ತಿಳಿಯದೆಯೋ ಸಹಿಸಿಕೊಂಡು ಬಂದಿದ್ದ ಸಂಪ್ರದಾಯ. ದರ್ಶನ ಯಾರದೆಂಬುದನ್ನು ವಿಚಾರಿಸದ ಪತ್ರಿಕೆಯಲ್ಲಿ ಬ್ಲೇರನು ಬೆಳೆದುದು ಆಕಸ್ಮಿಕವಲ್ಲ.

ಇನ್ನು ಪರೀಕ್ಷಕನ ವಿಚಾರ. ಭಾವಕರು ನಾಲ್ಕು ತೆರ: ಯಾವುದೂ ರುಚಿಸದ ಅರೋಚಕಿ, ಹುಲ್ಲು ಸಹಿತ ಉಣ್ಣುವ ಸತೃಣಾಭ್ಯವಹಾರಿ, ಮತ್ಸರಿ, ತತ್ತ್ವಾಭಿನಿವೇಶಿ. ರಾಜಶೇಖರನ ಈ ಗಣನೆಯನ್ನು ಓದಿದವರು ಪ್ರತಿಯೊಬ್ಬ ಪರೀಕ್ಷಕನೂ ಇವುಗಳಲ್ಲೊಂದು ಎಂದು ಎಣಿಸುವ ವಾಡಿಕೆ. ರೇನ್ಸ್ ಅವರ ಚರಿತ್ರೆಯನ್ನು ನೋಡಿದರೆ ಒಬ್ಬನೇ ಪರೀಕ್ಷಕನಲ್ಲಿ ವ್ಯಕ್ತಿಭೇದದಿಂದ ಎರಡು ಮೂರು ಸ್ವಭಾವಗಳು ಕೂಡಿರಬಹುದೆಂದು ತಿಳಿಯುತ್ತದೆ. ತಮ್ಮ ಮೆಚ್ಚುಗೆಗೆ ಪಾತ್ರರಾದವರು ತಂದುದನ್ನು ಅವರು ಹುಲ್ಲು ಸಹಿತ ಉಂಡರು. ಎದುರಾಡಿದವರ ವಿಷಯದಲ್ಲಿ ಅರೋಚಕಿಯಾದರು. ಅವರು ಸಾಮಾನ್ಯರೆಂದು ಭಾವಿಸಬಾರದು. ಅಲಬಾಮಾ ಪ್ರಾಂತದ ಬರ್ಮಿಂಗ್‌ಹ್ಯಾಂ ನಗರದವರು. ತಮ್ಮ ಬಾಲ್ಯದ ಮನೆಯಲ್ಲಿ ಕೆಲಸಕ್ಕಿದ್ದ ಕರಿಯ ಮಹಿಳೆಯನ್ನು ಕುರಿತ ಆರ್ದ್ರವಾದ ಪ್ರಬಂಧಕ್ಕಾಗಿ 1992ರಲ್ಲಿ ಪುಲಿಟ್ಜರ್ ಬಹುಮಾನವನ್ನು ಪಡೆದವರು. 2001ನೆಯ ಸೆಪ್ಟೆಂಬರ್ ಮೊದಲ ವಾರದಲ್ಲಿ ಅವರು ಅಧಿಕಾರ ವಹಿಸಿದ ಕೆಲವೇ ದಿನಗಳಲ್ಲಿ ನ್ಯೂಯಾರ್ಕಿನ ಜೋಡಿಗೋಪುರಗಳು ಉರುಳಿದುವು. ಆ ಕಾಲದಲ್ಲಿ ಅವರು ಪತ್ರಿಕೆಯನ್ನು ನಡೆಸಿದ ರೀತಿಯು ನಿಸ್ಸಂಶಯವಾಗಿ ಶ್ಲಾಘ್ಯ. ಮಾರನೆಯ ವರ್ಷ ಬಂದ ಏಳು ಪುಲಿಟ್ಜರ್ ಬಹುಮಾನಗಳಲ್ಲಿ ಆರು ಆ ಘಟನೆಗಳ ವರದಿಗೇ ಸಂದುವು. ಆದರೆ ಆಪತ್ಕಾಲದ ಸೇನಾಪತಿತ್ವವನ್ನು ಅವರು ನಿತ್ಯಧರ್ಮವನ್ನಾಗಿ ಮಾಡಿಕೊಂಡರು. ಆಜ್ಞೆಗಳು ಮೇಲಿನಿಂದ ಕೆಳಕ್ಕೆ ಇಳಿಯುತ್ತಿದ್ದುವು. ಕೆಳಗಿನ ಮಾತು ಮೇಲಕ್ಕೇರುವ ದಾರಿ ಮುಚ್ಚಿತು.

ಮುಚ್ಚಿತೆಂಬುದಕ್ಕೆ ಸಾಕ್ಷಿ ಬೇರೆ ಬೇಕಾಗಿಲ್ಲ. ನಗರವಾರ್ತೆಗಳ ಸಂಪಾದಕರಾಗಿದ್ದ ಜೊನಾಥನ್ ಲ್ಯಾಂಡ್ಮನ್ ಅವರು, ಬ್ಲೇರನು ಈ ಪತ್ರಿಕೆಗೆ ಬರೆಯುವುದನ್ನು ಕೂಡಲೇ ನಿಲ್ಲಿಸಬೇಕೆಂದು 2002ನೆಯ ಏಪ್ರಿಲ್ ತಿಂಗಳಲ್ಲಿಯೇ ಬರೆಹದ ಮೂಲಕ ಎಚ್ಚರಿಸಿದ್ದರು. ಬ್ಲೇರನು ಕೆಲಕಾಲ ರಜೆಯ ಮೇಲೆ ಹೋಗಿ, ಹಿಂದಿರುಗಿ, ಕೆಲಕಾಲ ಬಿಗಿಯಾದ ಮೇಲ್ವಿಚಾರಣೆಯಲ್ಲಿದ್ದು, ಅಕ್ಟೋಬರಿನಲ್ಲಿ ವಾಷಿಂಗ್ಟನ್ನಿನ ಸುತ್ತಮುತ್ತ ಅಡಗಿಕೊಂಡು ಗುಂಡುಹಾರಿಸುತ್ತಿದ್ದ ಘಾತುಕರ ಪ್ರಕರಣದಂತಹ ದೊಡ್ಡ ವಿಷಯಕ್ಕೆ ನಿಯುಕ್ತನಾದನು. ಅವನ ಪೂರ್ವಚರಿತ್ರೆಯನ್ನು ರಾಷ್ಟ್ರವಾರ್ತಾಶಾಖೆಯ ಮುಖ್ಯರಿಗೆ ಯಾರೂ ತಿಳಿಸಲಿಲ್ಲ. ಹೆಸರಿಲ್ಲದ ಆಧಾರಗಳ ಮೇಲೆ ಅವನು ಬರೆದ ವರದಿಯನ್ನು ಅಧಿಕಾರಿಗಳು ಬಹಿರಂಗವಾಗಿ ಅಲ್ಲಗಳೆದರು. ಆ ಆಧಾರಗಳು ಯಾರೆಂದು ಆಗಲೇ ಕೇಳಿದ್ದರೆ ಮುಂದಿನ ಆರು ತಿಂಗಳ ಅನರ್ಥವು ತಪ್ಪುತ್ತಿತ್ತು. ಕೇಳಬೇಕಾದ ಸ್ಥಾನದಲ್ಲಿದ್ದವರು ಕೇಳಲಿಲ್ಲ.

ಮೇ 11ರ ಲೇಖನವನ್ನು ಗ್ರಂಥವೆಂದು ಪರಿಗಣಿಸಿ ವಿಮರ್ಶಿಸಿದರೆ, ದೋಷಗಳನ್ನು ಒಂದೊಂದಾಗಿ ಎತ್ತಿ ತೋರಿಸುವುದರಲ್ಲಿ ಅದರ ನಿರ್ದಾಕ್ಷಿಣ್ಯವು ಮೆಚ್ಚತಕ್ಕದ್ದು. ತನ್ನ ಪಾಪವನ್ನು ಇಷ್ಟು ದೊಡ್ಡ ಅಕ್ಷರಗಳಲ್ಲಿ ಅಚ್ಚುಹಾಕಿದ ಪತ್ರಿಕೆಗಳು ವಿರಳ. ಆದರೆ ಕಾರಣನಿರೂಪಣೆಯಲ್ಲಿ ಅದರ ಲೇಖನಿಯು ನಡುಗುತ್ತದೆ. ಹಿರಿಯ ಸಂಪಾದಕರೊಳಗೆ ಪರಸ್ಪರ ಮಾತುಕತೆ ಸಾಲದಾಯಿತೆಂಬಲ್ಲಿಗೆ ಬಂದು ಅದು ನಿಲ್ಲುತ್ತದೆ. ಇದನ್ನು ಮಾಡಿದವನು ಬ್ಲೇರ್, ಮೇಲಧಿಕಾರಿಗಳನ್ನು ರಾಕ್ಷಸರನ್ನಾಗಿ ಚಿತ್ರಿಸಬೇಡಿರಿ ಎಂಬ ಅಭಿಪ್ರಾಯದ ಮಾತು ಪ್ರಕಾಶಕರಾದ ಆರ್ಥರ್ ಸುಲ್ಜ್‌ಬರ್ಗರ್ ಅವರಿಂದ ಆ ಲೇಖನದಲ್ಲಿಯೇ ಬಂದಿದೆ. ಒಡೆಯನ ಈ ವಾಕ್ಯವನ್ನು ಉಪಸಂಹಾರವೆಂದು ಇಟ್ಟುಕೊಂಡ ತನಿಖೆಯು ಉಪಕ್ರಮದಲ್ಲಿ ಎಷ್ಟು ಧೈರ್ಯ ತೋರಿದರೇನು? ಮೂರು ದಿನಗಳ ಮೇಲೆ ಟೈಮ್ಸ್ ಚೌಕದ ಚಿತ್ರಮಂದಿರವೊಂದರಲ್ಲಿ ಸೇರಿದ ಸಿಬ್ಬಂದಿಯ ಸಭೆಯಲ್ಲಿ, ಲೇಖನವು ಹೇಳದುದನ್ನು ರೇನ್ಸ್ ಅವರೇ ಹೇಳಿದರು. ತಮ್ಮನ್ನು ದುರ್ಲಭರೆಂದೂ ಗರ್ವಿಷ್ಠರೆಂದೂ ಜನರು ಕಾಣುತ್ತಿರುವುದನ್ನು ಅವರು ಅಲ್ಲಿ ಒಪ್ಪಿಕೊಂಡರು.

ಅದೇ ಸಭೆಯಲ್ಲಿ ಇನ್ನೊಂದು ಒಪ್ಪಿಗೆಯೂ ಆಯಿತು. ಅಲಬಾಮಾದ ಬಿಳಿಯನಾದ ತಾನು ಕರಿಯ ತರುಣನಿಗೆ ಒಂದು ಅವಕಾಶವನ್ನು ಹೆಚ್ಚಾಗಿಯೇ ಕೊಟ್ಟೆನೇ ಎಂದು ಮನಸ್ಸನ್ನು ಕೇಳಿಕೊಂಡರೆ ಹೌದೆಂಬ ಉತ್ತರವೇ ಬರುತ್ತದೆಯೆಂದು ಅವರು ನುಡಿದರು. ಈ ಮಾತನ್ನು ಹಿಡಿದು ಅನೇಕರು ಇಡೀ ಪ್ರಕರಣವನ್ನು ವರ್ಣಪಕ್ಷಪಾತಕ್ಕೆ ಕಟ್ಟಿದರು. ಅದು ಯುಕ್ತವಲ್ಲ. ಬ್ರ್ಯಾಗ್ ಬಿಳಿಯರು, ಅವರಿಗೂ ಅದೇ ಸಲಿಗೆ ಸಿಕ್ಕಿತ್ತು. ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಹೃದಯಂಗಮವಾಗಿ ಬರೆದು ತರುವವನ ಮೇಲಿನ ಮೋಹವೇ ಎರಡಕ್ಕೂ ಸಮಾನವಾದ ಕಾರಣ. ವರ್ಣದ ಮಾತಿನಿಂದ ಪೆಟ್ಟುತಿಂದವರು ಆ ಪತ್ರಿಕೆಯಲ್ಲಿ ಆ ಪದವಿಗೇರಿದ ಮೊದಲ ಕರಿಯರಾದ ಬಾಯ್ಡ್ ಅವರೂ, ಯಾವ ತಪ್ಪನ್ನೂ ಮಾಡದ ಇತರ ಕರಿಯ ಪತ್ರಿಕಾಕರ್ತರೂ. ಬಾಯ್ಡ್ ಅವರು 2006ರಲ್ಲಿ ತೀರಿಕೊಂಡರು. ಅವರ ಪಕ್ಷವನ್ನು ಹೇಳುವ ಆತ್ಮಕಥೆ ಹೊರಬಿದ್ದುದು 2010ರಲ್ಲಿ.

ರೇನ್ಸ್ ಅವರ ನಿಜವಾದ ಪಕ್ಷಪಾತವನ್ನು ಬೇರೆಡೆಯಲ್ಲಿ ಹುಡುಕಬೇಕು. 1993ರಿಂದ ಎಂಟು ವರ್ಷ ಅವರು ಅಗ್ರಲೇಖನಗಳ ಪುಟಕ್ಕೆ ಮುಖ್ಯರಾಗಿದ್ದರು. ಮೀಮಾಂಸಕರ ಪರಿಭಾಷೆಯಲ್ಲಿ ಹೇಳುವುದಾದರೆ ಅಗ್ರಲೇಖನವು ಸಾಧ್ಯವನ್ನು ಬೋಧಿಸುತ್ತದೆ, ವಾರ್ತೆಯು ಸಿದ್ಧವನ್ನು. ಮೊದಲನೆಯದರಲ್ಲಿ ಪಳಗಿದ ಕೈಯು ಎರಡನೆಯದಕ್ಕೆ ಬಂದಾಗ ಅಭ್ಯಾಸವನ್ನು ಬಿಡಲಿಲ್ಲ. ಜಾರ್ಜಿಯಾ ಪ್ರಾಂತದ ಅಗಸ್ಟಾ ಗಾಲ್ಫ್ ಸಂಘವು ಸ್ತ್ರೀಯರನ್ನು ಸದಸ್ಯರನ್ನಾಗಿ ಸೇರಿಸುತ್ತಿರಲಿಲ್ಲ. 2002ರ ಕೊನೆಯಲ್ಲಿ ಟೈಮ್ಸ್ ಪತ್ರಿಕೆಯು ಅದರ ಮೇಲೆ ಎಡೆಬಿಡದೆ ವಾರ್ತಾಪುಟಗಳಲ್ಲಿಯೇ ದಂಡಯಾತ್ರೆ ನಡೆಸಿತು. ಸ್ತ್ರೀಯರ ಪಕ್ಷವು ನ್ಯಾಯವಾದುದೇ. ಸಂಘವೂ 2012ರಲ್ಲಿ ಮಣಿಯಿತು. ಆದರೆ ಪತ್ರಿಕೆಯ ಅಭಿಪ್ರಾಯಕ್ಕೆ ಹೊಂದದ ಇಬ್ಬರು ಕ್ರೀಡಾಲೇಖಕರ ಅಂಕಣಗಳನ್ನು ತಡೆಹಿಡಿಯಲಾಯಿತು. ಆ ಇಬ್ಬರಲ್ಲೊಬ್ಬರಾದ ಡೇವ್ ಆಂಡರ್ಸನ್ ಅವರು ಪುಲಿಟ್ಜರ್ ಪಡೆದ ವೃದ್ಧರು. ಹೊರಗೆ ಗುಲ್ಲಾದ ಮೇಲೆ ಅವು ಡಿಸೆಂಬರ್ 8ರಂದು ತಿದ್ದುಪಡಿಯೊಡನೆ ಅಚ್ಚಾದುವು. ಪಕ್ಷವು ಧರ್ಮ್ಯವಾದ ಮಾತ್ರಕ್ಕೆ ಪಕ್ಷಪಾತವು ಧರ್ಮ್ಯವಾಗುವುದಿಲ್ಲ. ಬ್ಲೇರನ ಪ್ರಕರಣಕ್ಕೆ ಇನ್ನೂ ಐದು ತಿಂಗಳಿರುವಾಗಲೇ ಕಚೇರಿಯ ಪ್ರತಿಯೊಬ್ಬನೂ ಇದರಿಂದ ಒಂದು ಪಾಠ ಕಲಿತಿದ್ದನು: ಮೇಲಿನವರಿಗೆ ಬೇಡವಾದುದನ್ನು ಹೇಳುವುದು ಕ್ಷೇಮವಲ್ಲ.

ರೇನ್ಸ್ ಅವರು ಹೋದ ಮೇಲೆ ಹಿಂದಿನ ಸಂಪಾದಕರಾದ ಜೋಸೆಫ್ ಲೆಲಿವೆಲ್ಡ್ ಅವರು ಕೆಲವು ವಾರ ಪತ್ರಿಕೆಯನ್ನು ನೋಡಿಕೊಂಡರು. ಜುಲೈ ತಿಂಗಳಲ್ಲಿ ಬಿಲ್ ಕೆಲ್ಲರ್ ಅವರು ಬಂದರು. ವಾಚಕರ ಪರವಾಗಿ ಪತ್ರಿಕೆಯನ್ನು ಅದರ ಪುಟಗಳಲ್ಲಿಯೇ ವಿಮರ್ಶಿಸುವ ಪದವಿಯೊಂದು ಆ ವರ್ಷವೇ ಏರ್ಪಟ್ಟಿತು. ಡೇನಿಯಲ್ ಓಕ್ರೆಂಟ್ ಅವರಿಂದ ಮೊದಲಾಗಿ ಆರು ಮಂದಿ ಅದರಲ್ಲಿ ಕುಳಿತರು. 2017ರಲ್ಲಿ ಪತ್ರಿಕೆಯು ಅದನ್ನು ರದ್ದುಮಾಡಿತು. ವೇತನ ಕೊಟ್ಟು ಇರಿಸಿಕೊಂಡ ಮತ್ಸರಿಯನ್ನು ಹದಿನಾಲ್ಕು ವರ್ಷ ಸಹಿಸಿದುದೇ ಹೆಚ್ಚೆಂದು ಹೇಳುವವರೂ ಇದ್ದಾರೆ.

ಬ್ಲೇರನು ಹೊಗೆಸೊಪ್ಪಿನ ಹೊಲಗಳನ್ನು ಕಲ್ಪಿಸುವುದಕ್ಕೆ ಮೊದಲು, 2002ನೆಯ ಸೆಪ್ಟೆಂಬರ್ 8ರಂದು, ಇದೇ ರೇನ್ಸ್ ಅವರ ಆಡಳಿತದಲ್ಲಿ, ಇರಾಕು ಅಣ್ವಸ್ತ್ರಕ್ಕಾಗಿ ಅಲ್ಯುಮಿನಿಯಂ ಕೊಳವೆಗಳನ್ನು ಕೊಳ್ಳಲು ಹವಣಿಸುತ್ತಿದೆಯೆಂಬ ವರದಿಯು ಮುಖಪುಟದಲ್ಲಿ ಬಂದಿತು. ಅದರಲ್ಲಿ ಕದ್ದ ವಾಕ್ಯವಿಲ್ಲ, ಕಟ್ಟಿದ ಊರಿಲ್ಲ. ಆ ಕಾಲದ ಇಂತಹ ಹಲವು ವರದಿಗಳಿಗೆ ಆಧಾರವಾದವರು ಯುದ್ಧವನ್ನು ಬಯಸಿದ ಅಧಿಕಾರಿಗಳು ಮತ್ತು ದೇಶಭ್ರಷ್ಟರು. ಅವರು ಹೇಳಿದುದನ್ನು ಹೇಳಿದಂತೆಯೇ ಬರೆದಿತ್ತು. ಅವರು ಆಪ್ತರೇ ಎಂಬ ಪ್ರಶ್ನೆಯೊಂದನ್ನು ಮಾತ್ರ ಕೇಳಿರಲಿಲ್ಲ. ಹೆಸರಿಲ್ಲದ ಆಧಾರಗಳ ವಿಷಯದಲ್ಲಿ ಬ್ಲೇರನನ್ನು ಕೇಳದೆ ಬಿಟ್ಟ ಪ್ರಶ್ನೆಯೂ ಅದೇ. ಕಿರಿಯ ವರದಿಗಾರನ ಚೌರ್ಯಕ್ಕಾಗಿ ಸಂಪಾದಕರಿಬ್ಬರು ಪದಚ್ಯುತರಾದರು. ಯುದ್ಧಕ್ಕೆ ದಾರಿಮಾಡಿದ ವರದಿಗಳಿಗಾಗಿ 2004ನೆಯ ಮೇ 26ರಂದು, ಯಾವ ವರದಿಗಾರನ ಹೆಸರನ್ನೂ ಎತ್ತದೆ, ಸಂಪಾದಕರ ಟಿಪ್ಪಣಿಯೊಂದು ಹೊರಟಿತು. ಬ್ಲೇರನ ವಿಚಾರವು ಮುಖಪುಟದಲ್ಲಿ ಬಂದಿದ್ದಿತು. ಈ ಟಿಪ್ಪಣಿಯು ಒಳಗಿನ ಹತ್ತನೆಯ ಪುಟದಲ್ಲಿ ಅಚ್ಚಾಯಿತು.